ಬಾಲವಿಲ್ಲದ ಸದ್ದು

ನಿನ್ನ ಕೆಲಸ ಏನಮ್ಮಾ ಎಂದು ಯಾರಾದರೂ ಕೇಳಿದರೆ ಮರದಕ್ಕ ಕೊಡುತ್ತಿದ್ದ ಉತ್ತರ ಒಂದೇ: "ತಟ್ಟೋದು, ಕೇಳೋದು." ಕೇಳಿದವರು ಪಿಳಿಪಿಳಿ ಕಣ್ಣು ಬಿಟ್ಟರೆ ಅವಳಿಗೆ ಒಳಗೊಳಗೇ ಖುಷಿ. ನಗರದ ಮರಗಳ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಅವಳು ಮಾಡುತ್ತ ಬಂದದ್ದು ಅದನ್ನೇ. ಹೆಗಲಿಗೊಂದು ಕ್ಯಾನ್ವಾಸ್ ಚೀಲ. ಅದರೊಳಗೆ ಹಿಡಿ ಸವೆದ ಮರದ ಕೊಡತಿ, ಸೀಮೆಸುಣ್ಣದ ಡಬ್ಬಿ, ಅಂಚು ಹರಿದ ರಿಜಿಸ್ಟರು. ರಸ್ತೆ ಬದಿಯ ಮರದ ಮುಂದೆ ನಿಂತು ಸೊಂಟದೆತ್ತರಕ್ಕೊಮ್ಮೆ, ಎದೆಯೆತ್ತರಕ್ಕೊಮ್ಮೆ, ಕೈ ಎಟುಕುವಷ್ಟು ಎತ್ತರಕ್ಕೊಮ್ಮೆ ಕೊಡತಿಯಿಂದ ತಟ್ಟುತ್ತ ಸುತ್ತು ಬರುವುದು, ತಲೆ ವಾಲಿಸಿ ಕೇಳುವುದು. ಅಷ್ಟೇ. ಅಷ್ಟೇ ಅಂದರೆ ಅವಳಿಗೆ ಕೆಂಡದಂಥ ಸಿಟ್ಟು ಬರುತ್ತಿತ್ತು, ಅದು ಬೇರೆ ಮಾತು.

ಗಟ್ಟಿ ಮರವನ್ನು ತಟ್ಟಿದರೆ 'ಟಕ್' ಎಂದು ಸದ್ದು ಅಲ್ಲಿಗೇ ನಿಲ್ಲುತ್ತದೆ. ಒಳಗೆ ಕೊಳೆತು ಟೊಳ್ಳಾದ ಮರವೂ 'ಟಕ್' ಎನ್ನುತ್ತದೆ, ಆದರೆ ಅದರ ಹಿಂದೆಯೇ ತೆಳ್ಳಗೆ ಇನ್ನೊಂದು ಸದ್ದು ಎಳೆದುಕೊಂಡು ಬರುತ್ತದೆ. ಕೆಲಸ ಕಲಿಸಿದ ಮೇಸ್ತ್ರಿ ಅದನ್ನು 'ಬಾಲ' ಎನ್ನುತ್ತಿದ್ದ. "ಮುಖ ನೋಡಿ ಮೋಸ ಹೋಗ್ಬೇಡ. ಹಸಿರು ಎಲೆ ತೋರಿಸ್ಕೊಂಡೇ ಸಾಯ್ತವೆ ಇವು. ಬಾಲ ಇದೆಯಾ ನೋಡು" ಎನ್ನುತ್ತಿದ್ದ. ಬಾಲವಿಲ್ಲದ ಮರಕ್ಕೆ ಅವಳು ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದಳು. ಅನುಮಾನವಿದ್ದರೆ ಎರಡು ಗೆರೆ. ಬಾಲವಿದ್ದರೆ ಇಂಟು ಗುರುತು. ಮರುದಿನ ಕಚೇರಿಯ ಬಣ್ಣದಣ್ಣ ಸೈಕಲ್ಲಿನಲ್ಲಿ ಮೂರು ಡಬ್ಬಿ ತೂಗಿಸಿಕೊಂಡು ಬಂದು, ಒಂದು ಗೆರೆ ಇದ್ದಲ್ಲಿ ಬಿಳಿ ಪಟ್ಟಿ, ಎರಡಿದ್ದಲ್ಲಿ ಹಳದಿ, ಇಂಟು ಇದ್ದಲ್ಲಿ ಕೆಂಪು ಪಟ್ಟಿ ಬಳಿಯುತ್ತಿದ್ದ. ಕೆಂಪು ಎಂದರೆ ಮರ ಕೆಳಗಿಳಿಯಬೇಕು ಎಂದರ್ಥ. ಬಿಳಿ ಎಂದರೆ ಅದರ ಕೆಳಗೆ ಯಾರು ಬೇಕಾದರೂ ನಿಶ್ಚಿಂತೆಯಿಂದ ಕೂರಬಹುದು.

ಅವಳ ಕಿವಿಯ ಬಗ್ಗೆ ಕಚೇರಿಯಲ್ಲಿ ಕಥೆಗಳೇ ಇದ್ದವು. ಒಂದು ಸಲ ಊಟದ ಹೊತ್ತಿನಲ್ಲಿ ಅವಳು ಮೇಜನ್ನು ಬೆರಳಿನಿಂದ ತಟ್ಟಿ, "ಈ ಕಾಲಿಗೆ ಹುಳ ಬಿದ್ದಿದೆ" ಎಂದಿದ್ದಳಂತೆ. ಎಲ್ಲರೂ ನಕ್ಕರು. ತಿಂಗಳೊಳಗೆ ಮೇಜು ಮುರಿದು ಗುಮಾಸ್ತನ ತೊಡೆಯ ಮೇಲೆ ಫೈಲುಗಳ ಸಮೇತ ಬಿತ್ತು. ಆಮೇಲೆ ಯಾರೂ ನಗಲಿಲ್ಲ.

ಎರಡು ವರ್ಷದ ಹಿಂದೆ ನಗರ ಹಸಿರಾಗಲು ಹೊರಟಿತು. ಹೊಗೆ ಕಾರುವ ಬಸ್ಸುಗಳು ಒಂದೊಂದಾಗಿ ಹೋಗಿ ಬ್ಯಾಟರಿ ಬಸ್ಸುಗಳು ಬಂದವು. ಹಾರ್ನ್ ಹೊಡೆದರೆ ದಂಡ. ಬೀದಿಬೀದಿಗೂ ಕಸ ಬೇರೆಮಾಡುವ ತೊಟ್ಟಿಗಳು, ಚಾವಣಿಗಳ ಮೇಲೆ ಸೋಲಾರ್ ಹಲಗೆಗಳು. ಎಲ್ಲಕ್ಕಿಂತ ದೊಡ್ಡ ಮಾತು, 'ಒಂದೂ ಮರ ಕಡಿಯೆವು' ಎಂಬ ಪ್ರತಿಜ್ಞೆ. ಕಚೇರಿಯ ಗೋಡೆಯ ಮೇಲೆ ಅದನ್ನು ಆಳೆತ್ತರದ ಅಕ್ಷರದಲ್ಲಿ ಬರೆಸಿದರು.

ಮರದಕ್ಕನಿಗೆ ಇದೆಲ್ಲ ತುಂಬಾ ಹಿಡಿಸಿತು. ಊರು ಎಷ್ಟು ಸದ್ದಿಲ್ಲದಂತಾಯಿತು ಎಂದರೆ, ಬೆಳಿಗ್ಗೆ ಕಿಟಕಿ ತೆರೆದರೆ ರಸ್ತೆ ಇದೆಯೋ ಇಲ್ಲವೋ ಎನ್ನುವಷ್ಟು. "ಸ್ವರ್ಗ ಕಣ್ರೀ" ಎಂದು ಗಂಡನಿಗೆ ಹೇಳುತ್ತಿದ್ದಳು. ಗಂಡ ಬಸ್ ಚಾಲಕ. ಇಪ್ಪತ್ತಾರು ವರ್ಷ ಗಡಗಡ ಎನ್ನುವ ಬಸ್ಸು ಓಡಿಸಿ, ಈಗ ಬ್ಯಾಟರಿ ಬಸ್ಸಿನ ಸ್ಟಿಯರಿಂಗ್ ಹಿಡಿದಿದ್ದ. ಅವನು ಅನುಮಾನದಿಂದ ತಲೆ ಕೆರೆದುಕೊಳ್ಳುತ್ತಿದ್ದ. "ಅಷ್ಟೇನೂ ಇಲ್ಲಪ್ಪ. ಇದೂ ಗುಂಯ್ ಅನ್ನುತ್ತೆ."

"ನಿಮಗೆ ಹಳೇ ಬಸ್ಸಿನ ಮೋಹ."

ಆ ವರ್ಷವೇ ಅವನಿಗೆ ಹಲ್ಲಿನ ಸೆಟ್ಟು ಕಟ್ಟಿಸಿದ್ದು. ಅಂದಿನಿಂದ ಅವನ ಮಾತು ಅವಳಿಗೆ ಗೊಣಗಾಟವಾಗಿ ಕೇಳತೊಡಗಿತು. "ಬಾಯಲ್ಲಿ ಏನಿಟ್ಕೊಂಡು ಮಾತಾಡ್ತೀರಿ? ಸ್ವಲ್ಪ ಬಿಡಿಸಿ ಹೇಳಬಾರದಾ?" ಅವನು ಪಾಪ, ಎರಡು ಸಲ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಸೆಟ್ಟು ಸರಿಮಾಡಿಸಿಕೊಂಡು ಬಂದ. ಮಗಳು ಟೀವಿಯ ಸದ್ದು ತಗ್ಗಿಸಿದರೆ ಮರದಕ್ಕ ರಿಮೋಟು ಕಿತ್ತುಕೊಂಡು ಏರಿಸುತ್ತಿದ್ದಳು. "ಈಗಿನ ಟೀವಿಗಳು ಕಳಪೆ." ಮಗಳು ಕಿವಿಗೆ ಬೆರಳಿಟ್ಟುಕೊಂಡು ಒಳಕೋಣೆಗೆ ಹೋಗುತ್ತಿದ್ದಳು. ಮನುಷ್ಯನಿಗೆ ತನ್ನ ಕಡೆ ಬೆರಳು ತಿರುಗಿಸುವುದು ಎಷ್ಟು ಕಷ್ಟ ನೋಡಿ. ಬಸ್ಸು, ಹಲ್ಲು, ಟೀವಿ, ಎಲ್ಲದರ ಮೇಲೂ ತಪ್ಪು ಹೊರಿಸಿ ಮುಗಿಯುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು.

ಆ ಎರಡು ವರ್ಷದಲ್ಲಿ ಅವಳ ರಿಜಿಸ್ಟರಿನಲ್ಲಿ ಇಂಟು ಗುರುತುಗಳು ಕಡಿಮೆಯಾಗುತ್ತ ಬಂದು ಕೊನೆಗೆ ನಿಂತೇಹೋದವು. ಕಚೇರಿಯ ಮೇಡಂ ಅದನ್ನು ಮೊದಲು ಗಮನಿಸಿದರು. ಸಣ್ಣ ವಯಸ್ಸಿನ, ಚುರುಕು ಹೆಂಗಸು, ಕೆಟ್ಟವರಲ್ಲ. "ನೋಡಿ, ಗಾಳಿ ಶುದ್ಧವಾಯ್ತು, ಮರಗಳು ಗಟ್ಟಿಯಾದವು!" ಎಂದು ಅಂಕಿ ಹಾಕಿ ವರದಿ ಬರೆದರು. ಅದು ಮೇಲಿನವರೆಗೂ ಹೋಯಿತು. ಪತ್ರಿಕೆಯಲ್ಲಿ ಬಂತು. ಒಂದು ಸಭೆಯಲ್ಲಿ ಮರದಕ್ಕನನ್ನು ವೇದಿಕೆಗೆ ಕರೆದು ಗಾಜಿನ ಫಲಕ ಕೊಟ್ಟರು. ಚಪ್ಪಾಳೆ ಅವಳಿಗೆ ದೂರದಿಂದ ಬಂದಂತೆ ಕೇಳಿತು. ದೊಡ್ಡ ಸಭಾಂಗಣವಲ್ಲವೇ ಎಂದುಕೊಂಡಳು.

ಒಂದು ಬುಧವಾರ ಬೆಳಿಗ್ಗೆ ಅವಳು ಬಸ್ ನಿಲ್ದಾಣದ ರಸ್ತೆಯಲ್ಲಿ ಹೋಗುತ್ತಿದ್ದಳು. ಅಲ್ಲಿ ಒಂದು ಭಾರೀ ಮರದ ಬುಡದಲ್ಲಿ ಬೀಗದ ತಾತ ಕೂರುತ್ತಿದ್ದ. ಗಾಲಿ ಹಾಕಿದ ಪೆಟ್ಟಿಗೆ, ಅದರ ಮೇಲೆ ಗೊಂಚಲು ಗೊಂಚಲು ಕೀಗಳು, ಉಜ್ಜಲು ಅರಗಳು. ಮೂವತ್ತು ವರ್ಷದಿಂದ ಅದೇ ಮರಕ್ಕೆ ಬೆನ್ನು ಕೊಟ್ಟು ಕೂತವನು. ಕೀ ಕಳೆದುಕೊಂಡವರು ಬೀಗ ತಂದುಕೊಟ್ಟರೆ, ಕಿವಿಗೆ ಹಿಡಿದು ತಂತಿ ತೂರಿಸಿ, ಒಳಗಿನ ಕಟಕಟ ಕೇಳಿಯೇ ತೆರೆಯುತ್ತಿದ್ದ. ಅವನೂ ಮರದಕ್ಕನೂ ಒಂದೇ ಕಸುಬಿನವರೆಂದು ಇಬ್ಬರಿಗೂ ಹೆಮ್ಮೆ. ಕಳೆದ ಚಳಿಗಾಲದಲ್ಲಿ ಅವಳು ಆ ಮರಕ್ಕೆ ಒಂದು ಗೆರೆ ಎಳೆದಾಗ ತಾತ ಕೇಳಿದ್ದ, "ಗಟ್ಟಿ ತಾನೆ ಮಗಳೇ?" ಅವಳು, "ನಿಮ್ಮ ಮರಿಮಕ್ಕಳೂ ಇಲ್ಲೇ ಅಂಗಡಿ ಇಡಬಹುದು, ಹೋಗಿ" ಎಂದಿದ್ದಳು.

ಇವತ್ತು ಅವಳನ್ನು ಕಂಡವನೇ ತಾತ ಕೈಬೀಸಿ ಕರೆದ. ಮುಖ ಹತ್ತಿರ ತಂದು ಹೇಳಿದ, "ಈ ಮರ ಯಾಕೋ ಸರಿಯಿಲ್ಲ. ಬೆನ್ನು ಒರಗಿಸಿದ್ರೆ ಒಳಗೆ ಏನೋ ಬುಡುಬುಡು ಅನ್ನುತ್ತೆ. ಒಂದ್ಸಲ ತಟ್ಟಿ ನೋಡು."

"ನಿಮಗೆ ವಯಸ್ಸಾಯ್ತು ತಾತ, ನಿಮ್ಮ ಬೆನ್ನೇ ಬುಡುಬುಡು ಅಂತಿರಬೇಕು" ಎಂದು ನಗುತ್ತ ಅವಳು ಕೊಡತಿ ತೆಗೆದಳು. ಸೊಂಟದೆತ್ತರಕ್ಕೆ ತಟ್ಟಿದಳು. ಟಕ್. ಅಲ್ಲಿಗೇ ನಿಂತಿತು. ಎದೆಯೆತ್ತರಕ್ಕೆ ತಟ್ಟಿದಳು. ಟಕ್. "ನೋಡಿ, ಬಾಲ ಇಲ್ಲ."

ತಾತನ ಮುಖ ಬಿಳಿಚಿಕೊಂಡಿತ್ತು. ಅವನು ಮರದಿಂದ ಎರಡು ಹೆಜ್ಜೆ ಹಿಂದೆ ಸರಿದಿದ್ದ. "ಬಾಲ ಇಲ್ವಾ? ಮಗಳೇ, ನಗಾರಿ ಬಾರಿಸಿದ ಹಾಗಾಯ್ತಲ್ಲ!"

"ಏನು?"

"ಇನ್ನೊಂದ್ಸಲ ತಟ್ಟು."

ತಟ್ಟಿದಳು. ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ತಟ್ಟನೆ ತಿರುಗಿ ಮರವನ್ನು ಮೇಲೆ ಕೆಳಗೆ ನೋಡಿದಳು. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ನಿಂತ. ಎಲ್ಲರಿಗೂ ಕೇಳಿತ್ತು. ಮರದಕ್ಕ ಮತ್ತೆ ತಟ್ಟಿದಳು, ಮತ್ತೆ, ಮತ್ತೆ, ಕೈ ನೋಯುವಷ್ಟು. ಅವಳಿಗೆ ಕೇಳಿದ್ದು ಟಕ್, ಟಕ್, ಟಕ್. ಗೋಡೆಗೆ ತಟ್ಟಿದಂತೆ, ಕಲ್ಲಿಗೆ ತಟ್ಟಿದಂತೆ. ತಾತ ಅವಳ ಕಣ್ಣನ್ನೇ ನೋಡುತ್ತಿದ್ದ. ಅವನು ಬೀಗದ ಒಳಗನ್ನು ಕೇಳಿಸಿಕೊಳ್ಳುವವನು, ಅವಳ ಒಳಗು ಅವನಿಗೆ ಆ ಕ್ಷಣಕ್ಕೆ ತಿಳಿದುಹೋಯಿತೋ ಏನೋ.

"ಮೇಲಿನವರಿಗೆ ಹೇಳ್ತೀನಿ ತಾತ" ಎಂದಷ್ಟೇ ಹೇಳಿ ಅವಳು ಅಲ್ಲಿಂದ ಓಡುನಡಿಗೆಯಲ್ಲಿ ಹೊರಟಳು.

ಸಂಜೆ ಗಂಡ ಕೆಲಸದಿಂದ ಬಂದು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಮುಖ ತೊಳೆಯಲು ಹೋದ. ಅದು ಅವನ ಅಪ್ಪನ ಕಾಲದ ಕೀ ಕೊಡುವ ಗಡಿಯಾರ. ಮದುವೆಯಾದ ಹೊಸದರಲ್ಲಿ ಪಕ್ಕದ ಕೋಣೆಯಿಂದಲೂ ಅದರ ಟಿಕ್‌ಟಿಕ್ ಕೇಳಿ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಮರದಕ್ಕ ಅದನ್ನೆತ್ತಿ ಬಲಗಿವಿಗೆ ಹಿಡಿದಳು. ಏನೂ ಇಲ್ಲ. ಎಡಗಿವಿಗೆ ಹಿಡಿದಳು. ಏನೂ ಇಲ್ಲ.

"ಏನ್ರೀ, ಗಡಿಯಾರ ನಿಂತಿದೆ. ಕೀ ಕೊಟ್ಟಿಲ್ವಾ?"

ಅವನು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಬಂದು ನೋಡಿದ. "ಎಲ್ಲಿ ನಿಂತಿದೆ? ಓಡ್ತಿದೆಯಲ್ಲ."

ಅವಳು ಗಡಿಯಾರದ ಮುಖ ನೋಡಿದಳು. ಸೆಕೆಂಡಿನ ಮುಳ್ಳು ಸುಮ್ಮನೆ ತನ್ನ ಪಾಡಿಗೆ ತಾನು ಸುತ್ತುತ್ತಿತ್ತು. ಅದು ಒಂದು ಸುತ್ತು ಮುಗಿಸುವವರೆಗೂ ಅವಳು ರೆಪ್ಪೆ ಹೊಡೆಯಲಿಲ್ಲ. ಆಮೇಲೆ ಗಡಿಯಾರವನ್ನು ಅವನ ಕೈಗೆ ಕೊಟ್ಟು, "ನಿಮ್ಮ ಹಲ್ಲಿನ ಸೆಟ್ಟು ಸರಿಯಾಗೇ ಇತ್ತು, ಅಲ್ವಾ?" ಎಂದಳು.

ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಅವನು ಗಡಿಯಾರವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕುಳಿತುಬಿಟ್ಟ. ಮಗಳು ಒಳಗಿನಿಂದ ಬಂದು ಇಬ್ಬರ ಮುಖ ನೋಡಿ, "ಏನಾಯ್ತಮ್ಮ?" ಎಂದಳು. ಅವಳ ತುಟಿ ಅಲುಗಿದ್ದನ್ನು ನೋಡಿಯೇ ತನಗೆ ಮಾತು ತಿಳಿಯಿತೆಂದು ಮರದಕ್ಕನಿಗೆ ಈಗ ಹೊಳೆಯಿತು. ಎಷ್ಟು ದಿನದಿಂದ ಹೀಗೆ ತುಟಿ ನೋಡಿ ಬದುಕುತ್ತಿದ್ದಾಳೋ! ಮನುಷ್ಯರಿಗಾದರೆ ತುಟಿ ಇದೆ. ಮರಗಳಿಗೆ?

ಅವಳು ರಿಜಿಸ್ಟರು ತೆಗೆದಳು. ಬ್ಯಾಟರಿ ಬಸ್ಸು ಬಂದ ತಿಂಗಳಿನಿಂದ ಹಾಳೆ ತಿರುವುತ್ತ, ಒಂದು ಗೆರೆ ಎಳೆದ ಮರಗಳನ್ನು ಎಣಿಸುತ್ತ ಬಂದಳು. ಸಾವಿರದ ಒಂಬೈನೂರ ಹದಿನಾಲ್ಕು ಮರ. ಎಲ್ಲಕ್ಕೂ ಬಿಳಿ ಪಟ್ಟಿ. ಆಸ್ಪತ್ರೆಯ ಗೇಟಿನ ಮುಂದಿನದು. ಮಕ್ಕಳ ಆಟದ ಮೈದಾನದ ಸುತ್ತಿನ ಹನ್ನೊಂದು. ತರಕಾರಿ ಮಾರುಕಟ್ಟೆಯ ಬಾಗಿಲಿನದು. ಇವುಗಳಲ್ಲಿ ಎಷ್ಟು ಗಟ್ಟಿ, ಎಷ್ಟು ಟೊಳ್ಳು? ದೇವರೇ, ಅದು ಅವಳಿಗೇ ಗೊತ್ತಿಲ್ಲ. ಗೊತ್ತಿರಬೇಕಾದವಳು ಅವಳೊಬ್ಬಳೇ. ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಗಂಡ ಹೊರಗೆ ನಿಂತು ಬಾಗಿಲು ತಟ್ಟಿದ್ದು ಅವಳಿಗೆ ಕೇಳಲಿಲ್ಲ. ಅವಳು ಹೊರಬಂದಾಗ ಅವನು ಅವಳೆದುರಿಗೇ ನಿಂತು ಒಂದೊಂದೇ ಮಾತು ಬಿಡಿಸಿ ಹೇಳಿದ, "ಶುಕ್ರವಾರ ಬಿರುಗಾಳಿಯಂತೆ. ಡಿಪೋದಲ್ಲಿ ನೋಟೀಸು ಹಾಕಿದಾರೆ."

ಗುರುವಾರ ಕಚೇರಿ ತೆರೆಯುವ ಮುಂಚೆಯೇ ಅವಳು ಮೇಡಂ ಕೋಣೆಯ ಹೊರಗೆ ನಿಂತಿದ್ದಳು. ಮನೆಯಿಂದ ಬರುವಾಗ ಹೇಳಬೇಕಾದ್ದನ್ನೆಲ್ಲ ಸಾಲಾಗಿ ಜೋಡಿಸಿಕೊಂಡಿದ್ದಳು. ಒಳಗೆ ಹೋದಮೇಲೆ ಬಾಯಿಗೆ ಬಂದದ್ದು ಒಂದೇ ಮಾತು.

"ಮೇಡಂ, ನನಗೆ ಕಿವಿ ಕೇಳ್ತಿಲ್ಲ."

ಮೇಡಂ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ನಕ್ಕರು. "ಯಾರಿಗೆ ಕೇಳುತ್ತೆ ಅಕ್ಕ ಈ ಆಫೀಸಲ್ಲಿ!"

"ತಮಾಷೆ ಅಲ್ಲ ಮೇಡಂ. ಎರಡು ವರ್ಷದಿಂದ. ನಾನು ಬಿಳಿ ಅಂದ ಮರಗಳು ಬಿಳಿಯಲ್ಲ. ಎಲ್ಲವೂ ಅಂತಲ್ಲ. ಯಾವುದು ಅಂತ ಗೊತ್ತಿಲ್ಲ."

ಮೇಡಂ ಅವಳ ಕಡೆ ನೋಡಿದರು. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. "ಎಷ್ಟು ಮರ?"

"ಸಾವಿರದ ಒಂಬೈನೂರ ಹದಿನಾಲ್ಕು."

ಮೇಡಂ ಕುರ್ಚಿಯ ಬೆನ್ನು ಹಿಡಿದುಕೊಂಡರು. ಅವರ ಹಿಂದೆ ಗೋಡೆಯಲ್ಲಿ ಪ್ರತಿಜ್ಞೆಯ ಅಕ್ಷರಗಳು, ಪಕ್ಕದಲ್ಲಿ ವರದಿಯ ಹೊದಿಕೆ ಅಂಟಿಸಿದ್ದ ಚೌಕಟ್ಟು. ಅವರೂ ಹೆದರಿದರೆಂಬುದು ಮರದಕ್ಕನಿಗೆ ಸ್ಪಷ್ಟವಾಗಿ ಕಂಡಿತು. ಹೆದರಿದ ಅಧಿಕಾರಿಗಿಂತ ಅಪಾಯದವರು ಇನ್ಯಾರೂ ಇಲ್ಲ.

"ನೋಡಿ ಅಕ್ಕ, ಶನಿವಾರ ಹೊರಗಿನ ಊರುಗಳಿಂದ ದೊಡ್ಡವರು ಬರ್ತಿದಾರೆ. ನಮ್ಮ ಮರಗಳನ್ನ ನೋಡೋಕೇ ಬರ್ತಿರೋದು. ಈಗ ಬೀದಿ ತುಂಬ ಕೆಂಪು ಬಳಿದ್ರೆ... ನಿಮ್ಮ ಕೆಲಸ ಇರ್ಲಿ, ನನ್ನದೂ ಉಳಿಯಲ್ಲ. ಸೋಮವಾರ ನಿಮ್ಮನ್ನ ಕಿವಿ ಡಾಕ್ಟರ ಹತ್ತಿರ ಕಳಿಸ್ತೀನಿ. ಅಲ್ಲಿವರೆಗೆ ಯಾರ ಹತ್ರಾನೂ ಬಾಯಿ ಬಿಡಬೇಡಿ."

"ನಾಳೆ ಗಾಳಿ ಇದೆ ಮೇಡಂ."

"ಪ್ರತಿ ವರ್ಷ ಗಾಳಿ ಬರುತ್ತೆ."

"ಮುಂಚೆಲ್ಲ ಗಾಳಿ ಬಂದಾಗ ನನಗೆ ಕಿವಿ ಇತ್ತು."

ಮೇಡಂ ಏನೋ ಹೇಳಿದರು, ಕಿಟಕಿಯ ಕಡೆ ತಿರುಗಿಕೊಂಡು. ತುಟಿ ಕಾಣದೆ ಅದೇನೆಂದು ಮರದಕ್ಕನಿಗೆ ಕೊನೆಗೂ ತಿಳಿಯಲಿಲ್ಲ. ಅವಳು ಹೊರಬಂದು ಮೆಟ್ಟಿಲ ಮೇಲೆ ಕುಳಿತಳು. ನಿವೃತ್ತಿಗೆ ಮೂರೇ ವರ್ಷ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮರ ಬಿದ್ದರೆ ಗಾಳಿ ಬೀಳಿಸಿತು ಎನ್ನುತ್ತಾರೆ. ಈ ಯೋಚನೆ ತನ್ನ ತಲೆಯಲ್ಲಿ ಬಂತಲ್ಲ ಎಂದು ಅವಳಿಗೆ ಬಿರುಗಾಳಿಗಿಂತ ಹೆಚ್ಚು ಭಯವಾಯಿತು.

ಸೋಮವಾರದ ತನಕ ಕಾಯಲು ಅವಳಿಂದ ಆಗಲಿಲ್ಲ. ಗುರುವಾರವಿಡೀ ಬೀದಿ ಬೀದಿ ಸುತ್ತಿದಳು. ತಟ್ಟುವುದು, ಕಿವಿಯನ್ನು ತೊಗಟೆಗೆ ಒತ್ತಿ ಹಿಡಿಯುವುದು, ಏನೂ ತಿಳಿಯದೆ ಮುಂದೆ ಹೋಗುವುದು. ಪ್ರತಿಯೊಂದು ಮರವೂ ಒಂದೇ ಸುಳ್ಳು ಹೇಳಿತು. ಮರದ ಕೆಳಗೆ ನಿಂತವರನ್ನೆಲ್ಲ ಅವಳು ನೋಡಿದಳು. ತೊಟ್ಟಿಲುಗಾಡಿ ತಳ್ಳುವ ತಾಯಿ, ನಿದ್ದೆ ಹೊಡೆಯುತ್ತಿದ್ದ ಕಾವಲುಗಾರ, ಜಗಳವಾಡುತ್ತಿದ್ದ ಇಬ್ಬರು ಮುದುಕಿಯರು. ಬಿಳಿ ಪಟ್ಟಿ ಕಂಡೇ ಅಲ್ಲಿ ನಿಂತಿದ್ದಾರೆ. ಅವಳನ್ನು ನಂಬಿಕೊಂಡು ನಿಂತಿದ್ದಾರೆ.

ಶುಕ್ರವಾರ ಮಧ್ಯಾಹ್ನಕ್ಕೆ ಆಕಾಶ ಹಳದಿಗಟ್ಟಿತು. ಮರದಕ್ಕ ನೇರ ಬಣ್ಣದ ಕೋಣೆಗೆ ಹೋದಳು. ಬಣ್ಣದಣ್ಣ ಬ್ರಷ್ಷು ತೊಳೆಯುತ್ತಿದ್ದ.

"ಕೆಂಪು ಡಬ್ಬಿ ಎಲ್ಲಣ್ಣ?"

"ಕೆಂಪಾ? ಅದನ್ನ ಮುಟ್ಟಿ ಎಷ್ಟು ಕಾಲ ಆಯ್ತೋ. ನಿನ್ನ ದಯದಿಂದ ಅದಕ್ಕೆ ರಜೆ." ಅವನು ಕಪಾಟಿನ ಮೂಲೆಯಿಂದ ಡಬ್ಬಿ ತೆಗೆದು ಮುಚ್ಚಳಕ್ಕೆ ಸ್ಕ್ರೂಡ್ರೈವರ್ ಹಾಕಿ ಮೀಟಿದ. ಒಳಗೆ ಬಣ್ಣದ ಮೇಲೆ ದಪ್ಪ ಕೆನೆ ಕಟ್ಟಿತ್ತು. "ಯಾವ ಮರಕ್ಕೆ?"

ಅವಳು ಹೇಳಿದಳು. ಎಲ್ಲವನ್ನೂ ಹೇಳಿದಳು. ಅವನು ಡಬ್ಬಿ, ಬ್ರಷ್ಷು ಎತ್ತಿಕೊಂಡು, "ಬಿಳಿ ಬಳಿದಿದ್ದು ನಾನೇ ಅಲ್ವಾ, ನಡಿ" ಎಂದ.

ಅವರು ಬಸ್ ನಿಲ್ದಾಣದ ರಸ್ತೆ ತಲುಪುವಷ್ಟರಲ್ಲಿ ಗಾಳಿ ಎದ್ದಿತ್ತು. ಧೂಳು, ಕಾಗದ, ಎಲೆ ಎಲ್ಲವೂ ಹಾರುತ್ತಿದ್ದವು. ಬೀಗದ ತಾತ ಮರದ ಬುಡದಲ್ಲೇ ಕೂತಿದ್ದ. ಅವನ ಸುತ್ತ ಬಸ್ಸಿಗೆ ಕಾಯುವವರು ಆರೇಳು ಜನ, ಗಾಳಿಗೆ ಮರೆಯಾಗಿ ಕಾಂಡಕ್ಕೆ ಅಂಟಿಕೊಂಡು ನಿಂತಿದ್ದರು.

"ತಾತ, ಏಳಿ! ಎಲ್ಲರೂ ಈ ಕಡೆ ಬನ್ನಿ!"

"ಎಲ್ಲಿಗೆ ಏಳಲಿ? ಮೂವತ್ತು ವರ್ಷದ ಜಾಗ. ಮೇಲಿನವರಿಗೆ ಹೇಳ್ತೀನಿ ಅಂದೆಯಲ್ಲ, ಏನಂದ್ರು ಅವರು?"

ಬಸ್ಸಿಗೆ ಕಾಯುತ್ತಿದ್ದವನೊಬ್ಬ ಬಿಳಿ ಪಟ್ಟಿ ತೋರಿಸಿದ. "ಇದು ಗಟ್ಟಿ ಮರ ಅಂತ ಬರೆದಿದೆಯಲ್ಲಮ್ಮ."

"ಬರೆದಿದ್ದು ನಾನು!" ಎಂದು ಮರದಕ್ಕ ಕಿರುಚಿದಳು. ತನ್ನ ದನಿ ಎಷ್ಟು ಜೋರಾಗಿದೆ ಎಂದೂ ಅವಳಿಗೆ ಗೊತ್ತಾಗಲಿಲ್ಲ. "ನಾನು ಕಿವುಡಿ! ನನಗೆ ಕಿವಿ ಕೇಳಲ್ಲ! ನನ್ನ ಗೆರೆ ನಂಬಬೇಡಿ, ದಮ್ಮಯ್ಯ ಅಂತೀನಿ, ಬನ್ನಿ!"

ಇಪ್ಪತ್ತೆಂಟು ವರ್ಷದ ಮಾನ ಆ ಒಂದು ಮಾತಿನಲ್ಲಿ ಬೀದಿಗೆ ಬಿತ್ತು. ಜನ ಅವಳ ಮುಖ ನೋಡಿದರು, ಮರ ನೋಡಿದರು, ಸರಸರನೆ ಹೊರಟರು. ಬಣ್ಣದಣ್ಣ ತಾತನ ಪೆಟ್ಟಿಗೆಯನ್ನು ದೂಡಿದ, ಅವಳು ತಾತನ ರಟ್ಟೆ ಹಿಡಿದು ಎಳೆದಳು. ರಸ್ತೆ ದಾಟಿ, ಎದುರುಗಡೆಯ ಮರದ ಕೆಳಗೆ ಎಲ್ಲರೂ ನಿಂತರು. ಮರದಕ್ಕ ಬಗ್ಗಿ ಮೊಣಕಾಲಿಗೆ ಕೈಯಿಟ್ಟು ಉಸಿರು ಬಿಟ್ಟಳು. ಅಬ್ಬಾ.

ತಲೆಯೆತ್ತಿದರೆ ಕಣ್ಣೆದುರಿಗೇ ಬಿಳಿ ಪಟ್ಟಿ.

ಅದೂ ಅವಳದೇ. ಅದರಾಚೆಯದೂ ಅವಳದೇ. ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ಎರಡೂ ಬದಿಗೆ ಸಾಲಾಗಿ ನಿಂತ ಮರಗಳ ಸೊಂಟಕ್ಕೆಲ್ಲ ಬಿಳಿ ಪಟ್ಟಿ. ಹೆದರಿಕೆಯಲ್ಲಿ ಅವಳು ಅವರನ್ನು ತನ್ನದೇ ಇನ್ನೊಂದು ಮರದ ಕೆಳಗೆ ತಂದು ನಿಲ್ಲಿಸಿದ್ದಳು. ಬೀದಿಯಲ್ಲಿ ಅವಳ ಸುಳ್ಳು ತಲುಪದ ಜಾಗವೇ ಇರಲಿಲ್ಲ.

"ಇಲ್ಲೂ ಬೇಡ! ಇಲ್ಲೂ ಬೇಡ!" ಎಂದು ಅವಳು ಎಲ್ಲರನ್ನೂ ಬೆನ್ನು ಹಿಡಿದು ನೂಕತೊಡಗಿದಳು. ಹತ್ತು ಹೆಜ್ಜೆ ಆಚೆ ಅಂಚೆ ಕಚೇರಿಯ ಕಲ್ಲಿನ ಮೊಗಸಾಲೆ ಇತ್ತು. "ಅಲ್ಲಿಗೆ, ಒಳಗೆ, ಒಳಗೆ!" ಜನ ಬೈಯುತ್ತ ಓಡಿದರು. ತಾತನ ಪೆಟ್ಟಿಗೆಯ ಗಾಲಿ ಚರಂಡಿಯ ಸೀಳಿಗೆ ಸಿಕ್ಕಿಕೊಂಡಿತು. ಬಣ್ಣದಣ್ಣ ಅದನ್ನು ಅಲ್ಲೇ ಬಿಟ್ಟು ತಾತನನ್ನು ಎತ್ತಿಕೊಂಡೇ ಹೋದ. ಎಲ್ಲರೂ ಮೊಗಸಾಲೆ ಸೇರಿದಮೇಲೆ ಮರದಕ್ಕ ಕೊನೆಗೆ ಹೊರಟಳು. ಪೆಟ್ಟಿಗೆ ಕಂಡು ನಿಂತಳು. ಪಾಪ, ತಾತನ ಬದುಕೇ ಅದರಲ್ಲಿದೆ ಎಂದುಕೊಂಡು ಬಗ್ಗಿ ಗಾಲಿಗೆ ಕೈಹಾಕಿದಳು.

ಮೊಗಸಾಲೆಯ ಕಡೆ ನೋಡಿದಾಗ ಅಲ್ಲಿದ್ದ ಅಷ್ಟೂ ಜನ ಬಾಯಿ ತೆರೆದಿದ್ದರು. ತಾತನ ಬಾಯಿ, ಬಣ್ಣದಣ್ಣನ ಬಾಯಿ, ಬಸ್ಸಿಗೆ ಕಾಯುತ್ತಿದ್ದವರ ಬಾಯಿ. ಎಲ್ಲರ ಕೈಯೂ ಅವಳತ್ತ ಚಾಚಿತ್ತು. ಅವಳಿಗೆ ಒಂದು ಸದ್ದೂ ಕೇಳಲಿಲ್ಲ. ಬಣ್ಣದಣ್ಣನ ತುಟಿ ಮಾತ್ರ ಓದಲು ಬಂತು: ಓಡು.

ಪೆಟ್ಟಿಗೆ ಬಿಟ್ಟು ಓಡಿದಳು. ನಾಲ್ಕು ಹೆಜ್ಜೆ, ಐದು ಹೆಜ್ಜೆ. ಅಷ್ಟರಲ್ಲಿ ಪಾದದಡಿಯ ನೆಲ ಜಿಗಿಯಿತು. ಬೆನ್ನಿಗೆ ಕೊಂಬೆಯ ತುದಿಗಳು ಚಾಟಿಯಂತೆ ಬಡಿದವು. ಅವಳು ಮೊಗಸಾಲೆಯ ಮೆಟ್ಟಿಲಿಗೆ ಮುಗ್ಗರಿಸಿ ಬಿದ್ದು ತಿರುಗಿ ನೋಡಿದಳು. ತಾತ ಮೂವತ್ತು ವರ್ಷ ಒರಗಿ ಕೂತ ಮರ ಆಚೆ ಬದಿಯಲ್ಲಿ ಹಾಗೇ ನಿಂತಿತ್ತು. ಬಿದ್ದದ್ದು ಎದುರಿನದು, ಒಂದು ನಿಮಿಷದ ಹಿಂದೆ ಅವಳು ಎಲ್ಲರನ್ನೂ ತಂದು ನಿಲ್ಲಿಸಿದ್ದು. ಕಾಂಡ ಸೀಳಿ ಒಳಗಿನ ಕಪ್ಪು ಪುಡಿ ಗಾಳಿಗೆ ಹಾರುತ್ತಿತ್ತು. ಪೆಟ್ಟಿಗೆ ಅಪ್ಪಚ್ಚಿಯಾಗಿ, ರಸ್ತೆ ತುಂಬ ಕೀಗಳು ಚೆಲ್ಲಿದ್ದವು.

ಯಾರೂ ಸತ್ತಿರಲಿಲ್ಲ. ಅವಳು ಒಬ್ಬೊಬ್ಬರನ್ನೇ ಬೆರಳು ಮಾಡಿ ಎಣಿಸಿದಳು, ಮತ್ತೆ ಎಣಿಸಿದಳು. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತಳು.

ಅರ್ಧ ಗಂಟೆಯಲ್ಲಿ ಗಾಳಿ ಸ್ವಲ್ಪ ತಗ್ಗಿತು. ಅಂಚೆ ಕಚೇರಿಯ ಗುಮಾಸ್ತ ರೇಡಿಯೋ ಕೇಳಿ ಬಂದು, ಕತ್ತಲಾಗುವ ಮುಂಚೆ ಇನ್ನೊಂದು ದೊಡ್ಡ ಅಲೆ ಇದೆಯಂತೆ ಎಂದ. ಬಣ್ಣದಣ್ಣ ಅದನ್ನು ಮರದಕ್ಕನ ಮುಖದೆದುರು ನಿಂತು ಮತ್ತೆ ಹೇಳಿದ. ಉಳಿದದ್ದು ಎರಡು ಗಂಟೆ. ಸಾವಿರದ ಒಂಬೈನೂರ ಹದಿಮೂರು ಮರ.

ಅವಳು ಎದ್ದಳು. ಚೀಲದಿಂದ ಕೊಡತಿ ತೆಗೆದಳು. ಬೀಗದ ತಾತ ರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕೀ ಆಯುತ್ತಿದ್ದ. ಅವಳು ಹೋಗಿ ಅವನ ಮುಂದೆ ಕೂತಳು.

"ತಾತ, ನಿಮ್ಮ ಕಿವಿ ಬೇಕು ನನಗೆ."

ಅವನು ಅವಳ ಕೈಯ ಕೊಡತಿ ನೋಡಿದ. ಆಯ್ದ ಕೀಗಳನ್ನು ಜೇಬಿಗೆ ಹಾಕಿಕೊಂಡು ಎದ್ದ. "ನಡಿ. ಎಲ್ಲಿಂದ ಶುರು ಮಾಡೋಣ?"

"ಆಸ್ಪತ್ರೆ ಗೇಟು."

ಮೂವರೂ ಓಡುತ್ತ ಹೋದರು. ಆಸ್ಪತ್ರೆಯ ಗೇಟಿನ ಮುಂದಿನ ಮರ ಊರಿಗೇ ದೊಡ್ಡದು. ಮೇಡಂ ಬರೆದ ವರದಿಯ ಹೊದಿಕೆಯ ಮೇಲಿದ್ದ ಚಿತ್ರ ಅದರದ್ದೇ. ಅದರ ಬುಡದ ಸುತ್ತ ಕಲ್ಲಿನ ಕಟ್ಟೆ. ಕಟ್ಟೆಯ ಆಚೆ ಬದಿಗೆ, ಗಾಳಿ ನಿಂತಿತೆಂದು, ಹಸುಗೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾಣಂತಿಯೊಬ್ಬಳು ಕೂತಿದ್ದಳು. ತಾತ ಈ ಬದಿಯಲ್ಲಿ ಕಾಂಡಕ್ಕೆ ಕಿವಿ ಒತ್ತಿ ಕಣ್ಣು ಮುಚ್ಚಿದ. ಮರದಕ್ಕ ಕೊಡತಿ ಎತ್ತಿದಳು.

ತಟ್ಟಿದಳು. ಟಕ್. ಅವಳಿಗೆ ಅಷ್ಟೇ. ಅವಳು ತಾತನ ಮುಖವನ್ನೇ ನೋಡಿದಳು. ಅವನ ಹುಬ್ಬು, ಅವನ ತುಟಿ, ಅವನ ಮುಚ್ಚಿದ ರೆಪ್ಪೆ. ಇಷ್ಟು ವರ್ಷದಲ್ಲಿ ಯಾವ ಸದ್ದಿಗೂ ಅವಳು ಹೀಗೆ ಉಸಿರು ಹಿಡಿದು ಕಾದಿರಲಿಲ್ಲ. ಎದೆಯೆತ್ತರಕ್ಕೆ ಇನ್ನೊಮ್ಮೆ ತಟ್ಟಿದಳು.

ತಾತ ಕಣ್ಣು ತೆರೆದ. ಕಟ್ಟೆಯನ್ನು ಬಳಸಿಕೊಂಡು ಆಚೆ ಹೋಗಿ, ಬಾಣಂತಿಯ ಮುಂದೆ ಬಗ್ಗಿ, "ಮಗೂನ ಎತ್ಕೋ ತಾಯಿ, ಬಾ" ಎಂದು ಅವಳ ಕೈ ಹಿಡಿದು ಎಬ್ಬಿಸಿದ.

ಮರದಕ್ಕ ಸೀಮೆಸುಣ್ಣ ತೆಗೆದು ಇಂಟು ಹಾಕಿದಳು. ಬಣ್ಣದಣ್ಣ ಡಬ್ಬಿಯ ಮುಚ್ಚಳ ತೆರೆದು, ಬಿಳಿ ಪಟ್ಟಿಯ ಮೇಲೆಯೇ ಕೆಂಪು ಬಳಿಯತೊಡಗಿದ. ಅವನು ಸುತ್ತು ಮುಗಿಸುವುದನ್ನು ಅವಳು ಕಾಯಲಿಲ್ಲ. ತಾತನನ್ನು ಕರೆದುಕೊಂಡು ಮುಂದಿನ ಮರದ ಕಡೆಗೆ ಓಡಿದಳು.